ನೀರು ಕುಡಿಯದ ದೂತ

ಲಂಕೆಯಿಂದ ಮರಳಿ ಬಂದ ಹನುಮಂತ ರಾಮನ ಮುಂದೆ ನಿಂತು ಮೊದಲು ಏನು ಹೇಳಿದ ಎಂದು ತರಬೇತಿ ಕೊಡಲು ಬಂದಿದ್ದ ಮೇಷ್ಟ್ರು ಕೇಳಿದಾಗ, ಸಿಂಧನೂರಿನ ಆ ಹೋಟೆಲಿನ ಮೇಲಿನ ಹಾಲ್‌ನಲ್ಲಿ ಅರ್ಧ ಮಂದಿ ತೂಕಡಿಸುತ್ತಿದ್ದರು. ಏಸಿ ಹಾಕಿದ್ದರು. ವರ್ಷವಿಡೀ ಬಿಸಿಲಲ್ಲಿ ಹೊಲ ಹೊಲ ತಿರುಗುವ ಹುಡುಗರನ್ನು ಹಿಡಿದು ತಂದು ಏಸಿಯಲ್ಲಿ ಕೂರಿಸಿದರೆ ಇನ್ನೇನಾಗುತ್ತದೆ. ಯಮನೂರನಿಗೆ ಮಾತ್ರ ನಿದ್ದೆ ಬರಲಿಲ್ಲ. ಅವನ ದಣಿವು ನಿದ್ದೆಯಿಂದ ಹೋಗುವಂಥದ್ದಾಗಿರಲಿಲ್ಲ.

ಯಾರೂ ಉತ್ತರ ಕೊಡದಿದ್ದಕ್ಕೆ ಮೇಷ್ಟ್ರೇ ಹೇಳಿದರು. ಹನುಮಂತ ಕಡಲು ಹಾರಿದ್ದು, ರಾಕ್ಷಸರನ್ನು ಬಡಿದದ್ದು, ಬಾಲ ಸುಟ್ಟುಕೊಂಡದ್ದು ಯಾವುದನ್ನೂ ಮೊದಲು ಹೇಳಲಿಲ್ಲ. ಸೀತೆಯನ್ನು ಕಂಡೆ ಅಂದ. ಕೇಳುವವನಿಗೆ ಬೇಕಾದ ಸಿಹಿ ಮಾತು ಮೊದಲು, ಉಳಿದದ್ದೆಲ್ಲ ಆಮೇಲೆ. ಅದೇ ಸಂವಹನ. ಎಲ್ಲರೂ ಬರೆದುಕೊಳ್ಳಿ ಅಂದರು. ಯಮನೂರ ಬರೆದುಕೊಳ್ಳಲಿಲ್ಲ. ಹನುಮಂತ ಸೀತೆಯನ್ನು ನಿಜವಾಗಿಯೂ ಕಂಡಿದ್ದ, ಅದಕ್ಕೇ ಕಂಡೆ ಅಂದ. ಅಷ್ಟು ಅವನಿಗೆ ಬರೆದುಕೊಳ್ಳದೆಯೂ ನೆನಪಿರುತ್ತಿತ್ತು.

ಅವರೆಲ್ಲ ಒಂದು ಕಂಪನಿಯ ಹುಡುಗರು. ಸಿಂಧನೂರಿನ ಕಡೆಯಿಂದ ಮಸ್ಕಿ ದಾಟಿ ಲಿಂಗಸುಗೂರಿನವರೆಗೆ ಕರೆಂಟಿನ ದೊಡ್ಡ ಲೈನು ಎಳೆಯುವ ಗುತ್ತಿಗೆ ಆ ಕಂಪನಿಗೆ ಸಿಕ್ಕಿತ್ತು. ಯಾರ ಹೊಲದಲ್ಲಿ ಕಬ್ಬಿಣದ ಟವರು ಬರುತ್ತದೋ ಅವರ ಮನೆಗೆ ಹೋಗಿ, ಮಾತಾಡಿ, ಒಪ್ಪಿಸಿ, ಕಾಗದಕ್ಕೆ ಹೆಬ್ಬೆಟ್ಟು ತರುವುದು ಈ ಹುಡುಗರ ಕೆಲಸ. ಕೊರಳ ಕಾರ್ಡಿನ ಮೇಲೆ ಸಮನ್ವಯ ಸಹಾಯಕ ಎಂದು ಇತ್ತು. ಊರವರು ಟವರಿನ ಹುಡುಗರು ಅನ್ನುತ್ತಿದ್ದರು. ಸಿಟ್ಟು ಬಂದರೆ ಬೇರೆ ಏನೇನೋ ಅನ್ನುತ್ತಿದ್ದರು. ಯಮನೂರ ಮಸ್ಕಿಯವನು. ಎಂಟನೆಯ ಕ್ಲಾಸಿಗೆ ಸಾಲಿ ಬಿಟ್ಟವನು. ಮೊದಲು ಮುಕ್ಕುಂದ, ಸಾಲಗುಂದದ ಗದ್ದೆಗಳಲ್ಲಿ ಭತ್ತ ಕೊಯ್ಯುವ ಮಿಷನ್ನು ಓಡಿಸುತ್ತಿದ್ದ. ಯಾರ ಹತ್ತಿರ ಬೇಕಾದರೂ ಕುಳಿತು ಮಾತಾಡುತ್ತಾನೆ ಎಂದು ಕಂಪನಿ ಅವನನ್ನು ತೆಗೆದುಕೊಂಡಿತ್ತು. ಆ ಕಡೆ ಲಿಂಗಸುಗೂರಿನಲ್ಲಿ ಆಫೀಸು ಬೈಯುತ್ತಿತ್ತು, ಈ ಕಡೆ ಹೊಲದವರು ಬೈಯುತ್ತಿದ್ದರು. ನಡುವಿನ ಮಸ್ಕಿಯಲ್ಲಿ ಅವನು ಎರಡೂ ಬೈಗುಳಗಳನ್ನು ಮನೆಗೆ ತಂದು ಪಕ್ಕದಲ್ಲಿ ಮಲಗಿಸಿಕೊಳ್ಳುತ್ತಿದ್ದ.

ಮೇಷ್ಟ್ರು ಮುಂದಕ್ಕೆ ಸ್ಟೇಕ್‌ಹೋಲ್ಡರ್ ಎಂಬ ಮಾತು ತಂದರು. ಒಂದು ಕೆಲಸದಿಂದ ಯಾರಿಗೆ ಲಾಭವೋ ಯಾರಿಗೆ ನಷ್ಟವೋ ಅವರೆಲ್ಲರೂ ಸ್ಟೇಕ್‌ಹೋಲ್ಡರುಗಳೇ, ಕುರುಕ್ಷೇತ್ರಕ್ಕೆ ಮುಂಚೆ ಕೃಷ್ಣ ಅವರೆಲ್ಲರ ಮನಸ್ಸನ್ನೂ ಓದಿದ್ದ ಅಂದರು. ಯಮನೂರನ ಪಕ್ಕದಲ್ಲಿ ಕುಳಿತಿದ್ದ ಜಬೀವುಲ್ಲಾ ಕೈ ಎತ್ತಿದ. ಇಬ್ಬರೂ ಒಂದೇ ಬೈಕಿನ ಮೇಲೆ ತಿರುಗಿದವರು.

“ಸರ್, ಒಂದು ಕೇಳ್ಲೇನ್ರೀ. ಇದ್ರಾಗ ಕೌರವ್ರು ಯಾರ್ರೀ? ನಾವಾ, ರೈತ್ರಾ?”

ತೂಕಡಿಸುತ್ತಿದ್ದವರೂ ಎದ್ದು ನಕ್ಕರು. ಮೇಷ್ಟ್ರೂ ನಕ್ಕರು, ಒಳ್ಳೆಯ ಮನುಷ್ಯ. ನಗದೇ ಇದ್ದವನು ಹಿಂದೆ ನಿಂತಿದ್ದ ಸೈಟ್ ಆಫೀಸರ್ ವಿರೇಶ ಒಬ್ಬನೇ.

ಆಮೇಲೆ ಸಂಧಾನದ ಕಥೆ ಬಂತು. ಪಾಂಡವರ ಪರವಾಗಿ ಕೃಷ್ಣ ಹಸ್ತಿನಾವತಿಗೆ ಹೋದ. ದುರ್ಯೋಧನ ಅರಮನೆಯಲ್ಲಿ ದೊಡ್ಡ ಅಡುಗೆ ಮಾಡಿಸಿ ಊಟಕ್ಕೆ ಕರೆದ. ಕೃಷ್ಣ ಉಣ್ಣಲಿಲ್ಲ. ಬಂದ ಕೆಲಸ ಆದ ಮೇಲೆಯೇ ದೂತನಾದವನು ಉಣ್ಣಬೇಕು ಅಂದ. ಏಕೆಂದರೆ ಉಂಡರೆ ಋಣ ಬೀಳುತ್ತದೆ, ಋಣ ಬಿದ್ದರೆ ಮಾತು ಮೆತ್ತಗಾಗುತ್ತದೆ. ಮೇಷ್ಟ್ರು ಇಷ್ಟು ಹೇಳಿ ಗಡಿಯಾರ ನೋಡಿದರು. ಊಟದ ಹೊತ್ತಾಗಿತ್ತು. ವಿರೇಶ ಮುಂದೆ ಬಂದು, ಎಲ್ಲರೂ ಕೇಳಿಸಿಕೊಂಡಿರಲ್ಲ, ನಾಳೆಯಿಂದ ಇದೇ ನಮ್ಮ ರೂಲು ಅಂದ. ಸಹಿ ಬೀಳುವವರೆಗೆ ಯಾರ ಮನೆಯಲ್ಲೂ ಊಟ ಇಲ್ಲ, ಚಹಾ ಇಲ್ಲ, ನೀರೂ ಇಲ್ಲ. ಮನೆ ಮನೆಯಲ್ಲಿ ಉಂಡು ಉಂಡು ನೀವು ಅವರ ಕಡೆಯವರಾಗಿಬಿಟ್ಟಿದ್ದೀರಿ ಅಂದ. ಅಂದವನೇ ಎಲ್ಲರನ್ನೂ ಕೆಳಗಿನ ಬಫೆಗೆ ಕರೆದುಕೊಂಡು ಹೋದ.

ಪ್ಲೇಟು ಹಿಡಿದು ಸಾಲಿನಲ್ಲಿ ನಿಂತಿದ್ದ ಯಮನೂರನನ್ನು ವಿರೇಶ ಬದಿಗೆ ಕರೆದ. ನಾಳೆ ಸಂತೆಕಲ್ಲೂರಿನ ಬಸ್ಸಮ್ಮನ ಹೆಬ್ಬೆಟ್ಟು ಬರಲೇಬೇಕು, ಮೇಲಿನವರು ದಿನಾ ಫೋನು ಹಚ್ಚಿ ತನ್ನ ಜೀವ ತಿನ್ನುತ್ತಿದ್ದಾರೆ ಅಂದ. ಅವನ ಕಣ್ಣುಗಳೂ ನಿದ್ದೆಗೆಟ್ಟು ಕೆಂಪಗಿದ್ದವು.

ಬಸ್ಸಮ್ಮನ ಹೆಸರು ಕೇಳಿ ಯಮನೂರನ ಕೈಯ ಪ್ಲೇಟು ಭಾರವಾಯಿತು. ಬಸ್ಸಮ್ಮ ಗಂಡ ಸತ್ತ ಮೇಲೆ ಒಬ್ಬಳೇ ಎರೆಹೊಲ ಮಾಡಿಸುವವಳು. ಹೊಲದಲ್ಲೇ ಮನೆ, ಮನೆಯ ಮಗ್ಗುಲಿಗೆ ಬಾವಿ. ಆ ಸುತ್ತಿನಲ್ಲಿ ಎಲ್ಲಿ ಬೋರು ಹಾಕಿದರೂ ಸವುಳು ನೀರೇ. ಬೇಳೆ ಬೇಯುವುದಿಲ್ಲ, ಬಾಯಿಗಿಟ್ಟರೆ ನಾಲಗೆ ಒಗರಾಗುತ್ತದೆ. ಬಸ್ಸಮ್ಮನ ಬಾವಿಯದ್ದು ಮಾತ್ರ ಸೀನೀರು. ಸುತ್ತಲಿನ ಹೊಲಗಳಲ್ಲಿ ಕೆಲಸ ಮಾಡುವ ಹೆಣ್ಣುಮಕ್ಕಳೆಲ್ಲ ಮಧ್ಯಾಹ್ನ ರೊಟ್ಟಿ ಗಂಟು ಹಿಡಿದು ಅಲ್ಲಿಗೇ ಬರುತ್ತಿದ್ದರು. ಟವರಿನ ಒಂದು ಕಾಲು ಸರಿಯಾಗಿ ಆ ಬಾವಿಯ ದಂಡೆಗೆ ಬರುತ್ತಿತ್ತು. ಅಡಿಪಾಯ ಗಟ್ಟಿ ನಿಲ್ಲಬೇಕಾದರೆ ಬಾವಿ ಮುಚ್ಚಬೇಕು. ಹೊಲದಲ್ಲಿ ಬೇಕಾದಲ್ಲಿ ಟವರು ಹಾಕ್ಕೋರಿ, ಬಾವಿ ಒಂದು ಬಿಡ್ರಿ ಎಂದು ಬಸ್ಸಮ್ಮ ಮೊದಲ ದಿನವೇ ಹೇಳಿದ್ದಳು. ಬಾವಿ ಬಿಟ್ಟು ನಾಲ್ಕು ಮಾರು ಆಚೆಗೆ ಸರಿಸೋಣ ಎಂದು ಅಳತೆಗೆ ಬಂದ ಎಂಜಿನಿಯರೂ ಬಾಯಿಮಾತಲ್ಲಿ ಒಪ್ಪಿದ್ದ. ಆ ಮಾತನ್ನು ಯಮನೂರನೇ ಓಡಿ ಹೋಗಿ ಆಕೆಗೆ ಮುಟ್ಟಿಸಿದ್ದ. ಆಕೆ ಆವತ್ತು ಅವನಿಗೆ ಶೇಂಗಾ ಹೋಳಿಗೆ ತಿನ್ನಿಸಿದ್ದಳು.

“ಟವರು ಸರಿಸೂದು ಏನಾತ್ರೀ ಸರ್ರ?” ಎಂದು ಯಮನೂರ ಕೇಳಿದ.

ಆ ಎಂಜಿನಿಯರು ಬೇರೆ ಸೈಟಿಗೆ ಹೋದ, ನಕ್ಷೆ ಹಳೆಯದೇ ಮಂಜೂರಾಗಿದೆ ಎಂದು ವಿರೇಶ ಅನ್ನ ಕಲಸುತ್ತಲೇ ಹೇಳಿದ. ಹಾಗಾದರೆ ಬಾವಿ ಹೋಗುತ್ತದೆ ಎಂದು ಹೇಳಬೇಕಲ್ಲ ಎಂದು ಯಮನೂರ ಅಂದದ್ದಕ್ಕೆ ವಿರೇಶ ತಲೆ ಎತ್ತಿದ.

“ಬೆಳಗಿನಿಂದ ಏನು ಕೇಳಿದೆ? ಸಿಹಿ ಮಾತು ಮೊದಲು. ಪರಿಹಾರ ಬೇಗ ಸಿಗುತ್ತೆ ಅನ್ನು, ಅದು ಸುಳ್ಳಲ್ಲ. ಬಾವಿ ವಿಷಯ ಅವರಾಗೇ ಕೇಳಿದ್ರೆ ಮೇಲಿನವರ ವಿಚಾರದಲ್ಲಿದೆ ಅನ್ನು.”

ಕಾಲರ್ ಹಿಡಿಯುವಷ್ಟು ಸಿಟ್ಟು ಬಂತು ಯಮನೂರನಿಗೆ. ಹಿಡಿದು ಏನಾಗಬೇಕು. ನಾಳೆ ಬೇರೊಬ್ಬ ಯಮನೂರ ಬರುತ್ತಾನೆ, ಸಿಹಿಯಾಗಿ ಮಾತಾಡಿ ಹೆಬ್ಬೆಟ್ಟು ಒತ್ತಿಸಿಕೊಂಡು ಹೋಗುತ್ತಾನೆ. ಅವನು ಹೂಂ ಅಂದ. ಹೂಂ ಅಂದದ್ದಕ್ಕೆ ತನ್ನ ಮೇಲೇ ಸಿಟ್ಟು ಬಂತು. ಪ್ಲೇಟು ಹಾಗೇ ಇಟ್ಟು ಬೈಕು ಹತ್ತಿದ.

ಮಸ್ಕಿಯ ಮನೆಯ ಕಟ್ಟೆಯ ಮೇಲೆ ಅವನ ಅಪ್ಪ ಪಕೀರಪ್ಪ ಬಿಸಿಲು ಕಾಯುತ್ತ ಕುಳಿತಿದ್ದ. ಹರೆಯದಲ್ಲಿ ದೊಡ್ಡಾಟದಲ್ಲಿ ಕೃಷ್ಣನ ವೇಷ ಕಟ್ಟುತ್ತಿದ್ದವನು. ಈಗ ಗಂಟಲು ಹೋಗಿತ್ತು, ಸೊಕ್ಕು ಇತ್ತು. ಏನು ಕಲಿಸಿದರು ಎಂದು ಕೇಳಿದ. ಮಗ ಹೇಳಿದ್ದನ್ನೆಲ್ಲ ಕೇಳಿ ಎಲೆ ಅಡಿಕೆ ಉಗುಳಿ ಬಂದ.

“ಅರಮನ್ಯಾಗ ಉಣ್ಣಲಿಲ್ಲ ಅಂತ ಹೇಳ್ಯಾರ. ಅಲ್ಲಿಂದೆದ್ದು ವಿದುರನ ಮನ್ಯಾಗ ಹಾಲು ಕುಡಿದದ್ದು ಹೇಳ್ಲಿಲ್ಲೇನು?”

“ಊಟದ ಹೊತ್ತಾಗಿತ್ತು. ಅಲ್ಲಿಗೆ ಬಿಟ್ರು.”

“ಅದನ್ನ ಬಿಟ್ರ ಆ ಆಟಾನ ಇಲ್ಲಲೇ. ದುರ್ಯೋಧನನ ಮನ್ಯಾಗ ಉಣ್ಣಬಾರ್ದು ಅನ್ನೂದು ಬ್ಯಾರೆ, ಯಾರ ಮನ್ಯಾಗೂ ಉಣ್ಣಬಾರ್ದು ಅನ್ನೂದು ಬ್ಯಾರೆ.”

ಯಮನೂರ ಒಳಗೆ ಹೋದ. ಚಾಪೆ ಹಾಸಿ ಗೋಡೆಯ ಕಡೆ ಮುಖ ಮಾಡಿ ಬಿದ್ದುಕೊಂಡ.

ಮರುದಿನ ಹೊತ್ತೇರಿದ ಮೇಲೆ ಸಂತೆಕಲ್ಲೂರಿನ ದಾರಿ ಹಿಡಿದ. ಒಂದು ಶೇರ್ ಆಟೋ ಮುಂದೆ ಹೋಗುತ್ತಿತ್ತು, ಅದರ ಧೂಳು ತಿನ್ನುತ್ತ ಹಿಂದೆ ಹೋದ. ದಾರಿಯುದ್ದಕ್ಕೂ ಒಂದೇ ಯೋಚನೆ. ನಿಜ ಹೇಳಿದರೆ ಕೆಲಸ ಹೋಗುತ್ತದೆ. ಹೇಳದೆ ಹೆಬ್ಬೆಟ್ಟು ತಂದರೆ ಆ ಬಾವಿಯ ಮೇಲೆ ತಾನೇ ಮಣ್ಣು ಹಾಕಿದಂತೆ. ಮಳೆಗಾಲ ಮುಗಿದು ಬಿಸಿಲು ಚುರುಗುಟ್ಟುತ್ತಿದ್ದಾಗ ಮೊದಲ ಸಲ ಆ ಹೊಲಕ್ಕೆ ಹೋಗಿ ತಲೆ ತಿರುಗಿ ಕುಳಿತವನಿಗೆ ಬಸ್ಸಮ್ಮ ತಂಬಿಗೆ ತುಂಬಿ ಕೊಟ್ಟಿದ್ದಳು. ಅಂದಿನಿಂದ ಹೋದಾಗಲೆಲ್ಲ ಕುಡಿದಿದ್ದ, ಬರುವಾಗ ಬಾಟಲಿ ತುಂಬಿಸಿಕೊಂಡಿದ್ದ. ಕಡೆಗೆ ಅವನು ಒಂದು ತೀರ್ಮಾನಕ್ಕೆ ಬಂದ. ತೀರ್ಮಾನವೂ ಅಲ್ಲ, ದಣಿದವರು ಮಾಡಿಕೊಳ್ಳುವ ಒಂದು ಸಮಾಧಾನ. ಹೆಬ್ಬೆಟ್ಟು ತರುವುದಂತೂ ತಪ್ಪದು, ಆದರೆ ಇವತ್ತು ಆ ನೀರು ಮುಟ್ಟುವುದು ಬೇಡ. ಹೇಗಿದ್ದರೂ ಆಫೀಸಿನ ರೂಲು ಇದೆ.

ಬಸ್ಸಮ್ಮನ ಹೊಲದಲ್ಲಿ ತೊಗರಿ ಕೊಯ್ಯುವ ಕೆಲಸ ನಡೆದಿತ್ತು. ಹೆಣ್ಣಾಳುಗಳ ಸಾಲು ಬದುವಿನ ಹತ್ತಿರ ಬಗ್ಗಿತ್ತು. ಬಸ್ಸಮ್ಮ ಬೈಕಿನ ಸಪ್ಪಳ ಕೇಳಿಯೇ ಒಳಗಿಂದ ತಂಬಿಗೆ ತುಂಬಿಕೊಂಡು ಬಂದಳು.

“ಬಾಪ್ಪ, ಕುಂದ್ರು. ತಗೋ.”

“ಬ್ಯಾಡಬೇ ಯವ್ವಾ.”

“ಯಾಕ?”

“ಮೊದ್ಲು ಬಂದ ಕೆಲ್ಸ ಆಗ್ಲಿ. ಆಮ್ಯಾಲೆ.”

ಆಕೆ ತಂಬಿಗೆ ಚಾಚಿದವಳು ಹಾಗೇ ನಿಂತಳು. ಅವನು ಕೂರಲೂ ಇಲ್ಲ. ಹೊಸ್ತಿಲ ಹೊರಗೆ ಚಪ್ಪಲಿ ಹಾಕಿಕೊಂಡೇ ನಿಂತಿದ್ದ. ಬಸ್ಸಮ್ಮನ ಕಣ್ಣು ಅವನ ಮುಖದಿಂದ ಇಳಿದು ಚಪ್ಪಲಿಯ ಮೇಲೆ ನಿಂತಿತು.

ಆ ಸೀಮೆಯಲ್ಲಿ ಸಾವಿನ ಸುದ್ದಿ ತಂದವನು ಹಾಗೆ ನಿಲ್ಲುತ್ತಾನೆ. ಕೂರುವುದಿಲ್ಲ, ಚಪ್ಪಲಿ ಬಿಡುವುದಿಲ್ಲ, ಆ ಮನೆಯ ನೀರು ಮುಟ್ಟುವುದಿಲ್ಲ. ಹೇಳಿ, ಬಂದ ದಾರಿಯಲ್ಲೇ ತಿರುಗಿ ಹೋಗಿ ಜಳಕ ಮಾಡುತ್ತಾನೆ. ಯಮನೂರನೂ ಅದೇ ಮಣ್ಣಿನವನು, ಅವನಿಗೆ ಇದು ಗೊತ್ತಿರಲಿಲ್ಲ ಎಂದಲ್ಲ. ಹಿಂದಿನ ದಿನದಿಂದ ಅವನ ತಲೆಯಲ್ಲಿ ಕೃಷ್ಣನೂ ವಿರೇಶನೂ ಬಾವಿಯೂ ಕಲಸಿಹೋಗಿ, ಗೊತ್ತಿದ್ದದ್ದು ಎಲ್ಲೋ ಅಡಿಗೆ ಬಿದ್ದಿತ್ತು.

ಬಸ್ಸಮ್ಮನಿಗೆ ಒಬ್ಬಳೇ ಮಗಳು, ಉಮಾದೇವಿ. ಸಾಲಗುಂದಕ್ಕೆ ಕೊಟ್ಟಿದ್ದರು. ಎರಡನೆಯ ಬಸಿರು, ದಿನ ತುಂಬಿದ್ದವು. ಯಮನೂರ ಆ ಕಡೆ ಓಡಾಡುವವನು ಎಂಬುದೂ ಆಕೆಗೆ ಗೊತ್ತಿತ್ತು.

“ನನ್ ಮಗಳು ಹೋಗ್ಯಾಳೇನೋ?” ಅಂದಳು. ದನಿ ಬಹಳ ಸಣ್ಣಗಿತ್ತು.

“ಏನಿಲ್ಲಬೇ. ಆಕಿ ಆರಾಮ ಅದಾಳ. ನಾ ಒಂದು ಚಲೋ ಸುದ್ದಿ ಹೇಳಾಕ ಬಂದೀನಿ.”

ಅದಕ್ಕಿಂತ ಕೆಟ್ಟ ಮಾತು ಇರಲಿಲ್ಲ. ಸಾವಿನ ಸುದ್ದಿ ತಂದವರು ಎಲ್ಲರೂ ಮೊದಲು ಹೀಗೇ ಹೇಳುತ್ತಾರೆ. ಏನಿಲ್ಲ, ಸ್ವಲ್ಪ ಮೈಯಾಗ ಬರೋಬ್ಬರಿಲ್ಲ, ಆರಾಮ ಅದಾರ, ಒಮ್ಮೆ ಬಂದು ಹೋಗ್ರಿ ಅನ್ನುತ್ತಾರೆ. ಸಿಹಿ ಮೊದಲು ಹೇಳುವುದು ಈ ಊರುಗಳಿಗೆ ಯಾವ ಮೇಷ್ಟ್ರೂ ಕಲಿಸಬೇಕಾಗಿಲ್ಲ. ಬಸ್ಸಮ್ಮನ ಕೈಯಿಂದ ತಂಬಿಗೆ ಜಾರಿತು. ನೀರು ಅಂಗಳದ ಮಣ್ಣಿನಲ್ಲಿ ಹರಿದು ಯಮನೂರನ ಚಪ್ಪಲಿಯ ಅಡಿಗೆ ಬಂತು. ಆಕೆ ಎದೆ ಬಡಿದುಕೊಂಡು ಕುಸಿದಳು.

ಆ ದನಿಗೆ ಹೊಲದ ಸಾಲು ಎದ್ದು ನಿಂತಿತು. ಕುಡುಗೋಲು ಹಿಡಿದೇ ಓಡಿ ಬಂದರು. ಎಲ್ಲರಿಗಿಂತ ಮೊದಲು ಬಂದವಳು ಶಂಶಾದ್‌ಬೀ. ಪಕ್ಕದ ಹೊಲದವಳು, ಬಸ್ಸಮ್ಮನಿಗೆ ಒಡಹುಟ್ಟಿದವಳಿಗಿಂತ ಹೆಚ್ಚು. ಬಂದವಳೇ ಬಸ್ಸಮ್ಮನ ತಲೆ ತೊಡೆಯ ಮೇಲೆ ಹಾಕಿಕೊಂಡಳು. ಯಮನೂರ ಯಾರೂ ಸತ್ತಿಲ್ಲ ಎಂದು ಕೂಗಿ ಕೂಗಿ ಹೇಳಿದ. ಹೇಳಿದಷ್ಟೂ ಅಳು ಹೆಚ್ಚಾಯಿತು. ಒಬ್ಬಳು ಕೂಸಾದ್ರೂ ಉಳಿದೈತೇನಪ್ಪ ಎಂದು ಕೇಳಿದಳು. ಇನ್ನೊಬ್ಬಳು ಆಗಲೇ ಸಾಲಗುಂದಕ್ಕೆ ಹೋಗಲು ಆಟೋ ಹೇಳಿ ಕಳಿಸುವ ಮಾತು ಎತ್ತಿದ್ದಳು.

ಅವನು ಫೋನು ತೆಗೆದು ಉಮಾದೇವಿಯ ನಂಬರು ಕೇಳಿ ಹಚ್ಚಿದ. ರಿಂಗಾಯಿತು, ರಿಂಗಾಗಿ ನಿಂತಿತು. ಮತ್ತೆ ಹಚ್ಚಿದ. ಎತ್ತಲಿಲ್ಲ. ಅಷ್ಟು ಹೊತ್ತಿಗೆ ಅವನಿಗೇ ಅನುಮಾನ ಬರತೊಡಗಿತು, ನಿಜವಾಗಿಯೂ ಏನಾದರೂ ಆಗಿದೆಯೋ ಏನೋ ಎಂದು.

ಕಡೆಗೆ ಆ ಕಡೆಯಿಂದಲೇ ಫೋನು ಬಂತು. ಉಮಾದೇವಿ ಹಿತ್ತಲಲ್ಲಿ ಬಟ್ಟೆ ಒಗೆಯುತ್ತಿದ್ದಳಂತೆ. ಯಾರು, ಏನು, ಅವ್ವ ಯಾಕ ಅಳಾಕತ್ತ್ಯಾಳ ಎಂದು ಗದರಿದಳು. ಫೋನಿನಿಂದ ಹೊರಬಿದ್ದ ಆ ಗದರಿಕೆ ಅಂಗಳಕ್ಕೆಲ್ಲ ಕೇಳಿಸಿತು. ಬಸ್ಸಮ್ಮ ಫೋನನ್ನು ಕಿವಿಗೆ ಒತ್ತಿಕೊಂಡಳು. ಆಮೇಲೆ, ಉಂಡಿಯೇನು ಎಂದು ಕೇಳಿದಳು.

ಹೆಣ್ಣುಮಕ್ಕಳು ಯಮನೂರನನ್ನು ಬೈಯಲು ಶುರು ಮಾಡಿದರು. ಬೈಗುಳದಲ್ಲಿ ನಗೆಯೂ ಸೇರಿಕೊಂಡಿತು. ಶಂಶಾದ್‌ಬೀ ಸೆರಗಿನಿಂದ ಕಣ್ಣು ಒರೆಸಿಕೊಂಡು, “ಯಾ ಅಲ್ಲಾ, ನಿನ್ ಬಾಯಾಗ ಮಣ್ಣು ಬೀಳ್ಲಿ, ಒಂದು ಗುಟುಕು ನೀರು ಕುಡ್ದಿದ್ರ ಏನ್ ಹೋಗ್ತಿತ್ತೋ ನಿಂದು” ಅಂದಳು.

ನಗದೇ ಇದ್ದವಳು ಬಸ್ಸಮ್ಮ. ಆಕೆ ಗೋಡೆ ಹಿಡಿದು ಎದ್ದಳು. ಬಿದ್ದ ತಂಬಿಗೆ ಎತ್ತಿ ಮಣ್ಣು ಒರೆಸಿದಳು. ಮಾಗಿದ ಹೆಂಗಸು, ಊರಿನ ಎಷ್ಟೋ ಸುದ್ದಿಗಳನ್ನು ಕೇಳಿದವಳು.

“ದಿನಾ ಕುಡಿಯಾಂವ ಇವತ್ತು ಕುಡಿಲಿಲ್ಲ. ಸುಮ್ಮ ನಿಂತಾಂವಲ್ಲ ನೀ. ಹೇಳು, ಯಾರ್ ಸತ್ತಾರ?”

ಯಮನೂರನಿಗೆ ಇನ್ನು ಸಾಕಾಗಿತ್ತು. ಸುಳ್ಳು ಹೇಳುವುದಕ್ಕೂ ಮೈಯಲ್ಲಿ ಒಂದಿಷ್ಟು ಬಲ ಬೇಕಾಗುತ್ತದೆ, ಅದು ಅವನಲ್ಲಿ ಉಳಿದಿರಲಿಲ್ಲ. ಅವನು ಮನೆಯ ಮಗ್ಗುಲಿಗೆ ತಿರುಗಿ ನೋಡಿದ. ಬಾವಿಯ ಗಡಗಡೆಯ ಮೇಲೆ ಹಗ್ಗ ಸುತ್ತಿ ಇಟ್ಟಿತ್ತು. ದಂಡೆಯ ಮೇಲೆ ಹೆಣ್ಣಾಳುಗಳ ಬಾಟಲಿಗಳು ಸಾಲಾಗಿ ಇದ್ದವು.

“ಬಾವಿ, ಯವ್ವಾ.”

ಆಮೇಲೆ ಎಲ್ಲವನ್ನೂ ಹೇಳಿದ. ಎಂಜಿನಿಯರು ಹೋದದ್ದು, ನಕ್ಷೆ ಬದಲಾಗದೇ ಇದ್ದದ್ದು, ಹೆಬ್ಬೆಟ್ಟು ಒತ್ತಿದರೆ ಬಾವಿ ಮುಚ್ಚುವುದಕ್ಕೂ ಒಪ್ಪಿದಂತೆ ಎಂಬುದು. ಹೇಳದೆ ಒತ್ತಿಸಿಕೊಂಡು ಬಾ ಎಂದು ತನ್ನನ್ನು ಕಳಿಸಿದ್ದು, ಕಳಿಸಿದ್ದಕ್ಕೆ ತಾನು ಹೂಂ ಅಂದು ಬಂದದ್ದು. ನಗು ಯಾವಾಗ ನಿಂತಿತೋ ಗೊತ್ತಾಗಲಿಲ್ಲ.

ಬಸ್ಸಮ್ಮ ಅವನಿಗೆ ಚಲೋ ಮಾಡಿದಿ ಅನ್ನಲಿಲ್ಲ. ಅಂದಾಳು ಎಂದು ಅವನ ಒಳಗೆಲ್ಲೋ ಒಂದು ಆಸೆ ಇತ್ತು, ಅದಕ್ಕೆ ಅವನಿಗೇ ನಾಚಿಕೆಯಾಯಿತು. ಆಕೆ ಬಾವಿಯ ಹತ್ತಿರ ಹೋಗಿ ಕೊಡ ಇಳಿಸಿದಳು, ಸೇದಿದಳು, ತಂಬಿಗೆ ತುಂಬಿಸಿದಳು. ಮೊದಲು ತಾನು ಕುಡಿದಳು. ಶಂಶಾದ್‌ಬೀಗೆ ಕೊಟ್ಟಳು. ಒಬ್ಬೊಬ್ಬರೂ ಕುಡಿದರು. ತಂಬಿಗೆ ಯಮನೂರನ ಮುಂದೆ ಹಾದು ವಾಪಸು ಹೋಯಿತು. ಅವನ ಗಂಟಲು ಒಣಗಿತ್ತು.

“ನಿಂಗ ಕೊಡೂದಿಲ್ಲ” ಎಂದಳು ಬಸ್ಸಮ್ಮ. ದನಿಯಲ್ಲಿ ಸಿಟ್ಟು ಇರಲಿಲ್ಲ. “ನೀ ಇವತ್ತು ಸುದ್ದಿ ತಂದಾಂವ. ಹೋಗಿ ಜಳಕ ಮಾಡು. ನಾಳೆ ನಿಮ್ ಸಾಹೇಬ್ನ ಕರ್ಕೊಂಡ್ ಬಾ. ಬಾವಿ ಮುಚ್ತೀವಿ ಅನ್ನೋ ಮಾತು ಅಂವ ಹೇಳ್ಲಿ, ಇದಽ ಹೊಸ್ತಿಲ ಮುಂದ ನಿಂತು. ನಾ ತಂಬಿಗಿ ತುಂಬಿ ಅವನ್ ಕೈಯಾಗ ಕೊಡ್ತೀನಿ. ಕುಡ್ದು ಹೇಳ್ತಾನೋ, ಕುಡಿಲಾರ್ದ ಹೇಳ್ತಾನೋ, ನೋಡ್ತೀವಿ ಎಲ್ಲಾರೂ.”

ಹೆಬ್ಬೆಟ್ಟಿನ ಮಾತು ಯಾರೂ ಎತ್ತಲಿಲ್ಲ. ಕಾಗದ ಅವನ ಚೀಲದಲ್ಲೇ ಉಳಿಯಿತು.

ಮಸ್ಕಿ ಇನ್ನೂ ದೂರ ಇರುವಾಗಲೇ ವಿರೇಶನ ಫೋನು ಬಂತು. ಬೈಕು ನಿಲ್ಲಿಸಿ ಒಂದು ಜಾಲಿಯ ಗಿಡದ ನೆರಳಿಗೆ ನಿಂತ. ಆಯ್ತಾ ಎಂದು ಆ ಕಡೆಯಿಂದ ಕೇಳಿತು.

“ಆಗ್ಲಿಲ್ರೀ” ಎಂದು ಯಮನೂರ ಮೊದಲ ಮಾತಿನಲ್ಲೇ ಹೇಳಿದ. ಆಮೇಲೆ ಬಸ್ಸಮ್ಮ ಹೇಳಿ ಕಳಿಸಿದ್ದನ್ನು ಒಂದಕ್ಷರ ಬಿಡದೆ ಒಪ್ಪಿಸಿದ. ನಿನ್ನನ್ನು ಕಳಿಸಿದ್ದು ಯಾರ ಪರವಾಗಿ ಎಂಬುದು ನೆನಪಿದೆಯಾ ಎಂದು ವಿರೇಶ ಕೇಳಿದ.

“ಹೋಗೂ ಮುಂದ ನಿಮ್ ಮಾತು ಒಯ್ದೀನ್ರೀ. ಬರೂ ಮುಂದ ಆಕಿ ಮಾತು ತಂದೀನಿ. ಎರಡೂ ಕಡಿ ಹೊರಾಂವಗಽ ದೂತ ಅಂತಾರಲ್ರೀ.”

ದಾರಿಯಲ್ಲಿ ಒಂದು ಬಸ್ಸು ಹೋಯಿತು, ಧೂಳು ಎದ್ದು ಕುಳಿತಿತು. ನಿನ್ನ ಕೆಲಸದ ವಿಷಯ ಆಮೇಲೆ ಮಾತಾಡೋಣ, ನಾಳೆ ನಾನೇ ಬರುತ್ತೇನೆ ಎಂದು ವಿರೇಶ ಹೇಳಿದ. ಫೋನು ಇಡುವ ಮುಂಚೆ ಮತ್ತೇನೋ ನೆನಪಾಯಿತು ಅವನಿಗೆ.

“ಮಸ್ಕಿಯಲ್ಲಿ ಎರಡು ಬಾಟಲಿ ನೀರು ತಗೊಂಡಿರು. ಅಲ್ಲಿ ಕುಡಿಯೋಕೆ.”

“ಬಾಟಲಿ ನಡಿಯಂಗಿಲ್ರೀ ಸರ್ರ” ಎಂದ ಯಮನೂರ. “ಬಂದ್ರ ಆ ಬಾವಿ ನೀರಽ.”

ಅವನು ಮನೆಗೆ ಬಂದು ಯಾರನ್ನೂ ಮಾತಾಡಿಸದೆ ಬಚ್ಚಲಿಗೆ ಹೋದ. ಬಟ್ಟೆಯ ಸಮೇತ ಕುಳಿತು ತಲೆಯ ಮೇಲೆ ನೀರು ಸುರಿದುಕೊಂಡ. ಬೋರಿನ ನೀರು, ತುಟಿಗೆ ತಾಗಿದ್ದೇ ಉಪ್ಪುಪ್ಪು. ಹೊತ್ತಲ್ಲದ ಹೊತ್ತಿನಲ್ಲಿ ಜಳಕದ ಸಪ್ಪಳ ಕೇಳಿ ಪಕೀರಪ್ಪ ಕಟ್ಟೆಯಿಂದ ಎದ್ದು ಬಾಗಿಲಿಗೆ ಬಂದ.

“ಯಾರ್ ಹೋದ್ರಲೇ?”

ಯಮನೂರ ಮುಖ ಒರೆಸಿಕೊಳ್ಳಲಿಲ್ಲ. ಇನ್ನೊಂದು ತಂಬಿಗೆ ತುಂಬಿಕೊಂಡ.

“ಇನ್ನಾ ಹೋಗಿಲ್ಲಪ್ಪ. ನಾಳೆ ಗೊತ್ತಾಕೈತಿ.”